ಅಕ್ಕ ಒತ್ತುವ ‘ಒಮ್ಮೆ ಮಾತ್ರ’

ಭಜನೆಯ ವಿಡಿಯೊ ಯಾವ ಆ್ಯಪ್‌ನಲ್ಲಿ ತೆರೆಯಲಿ ಎಂದು ಫೋನ್ ಕೇಳಿತು. ಜುಗೂಳದ ನನ್ನ ಅಕ್ಕ ‘ಒಮ್ಮೆ ಮಾತ್ರ’ ಒತ್ತಿದಳು. ಮುಂದಿನ ವಿಡಿಯೊಗೂ ಅದೇ ಪ್ರಶ್ನೆ, ಅದೇ ಉತ್ತರ. ನನಗೆ ತಡೆಯಲಾಗಲಿಲ್ಲ.

“‘ಯಾವಾಗಲೂ’ ಒತ್ತಿ ಬಿಡಬೇ ಅಕ್ಕಾ, ಮತ್ತ ಕೇಳೂದಿಲ್ಲ.”

“ಕೇಳ್ಲಿ ಬಿಡು. ಈ ಮನ್ಯಾಗ ನನ್ನ ಕೇಳಿ ಕೆಲಸ ಮಾಡೂದು ಇದೊಂದ ಐತಿ.”

ಹಾಲು ಹಿಂಡುವ ಅಕ್ಕನನ್ನು ಒಂದು ಮಾತೂ ಕೇಳದೆ ಹಿಂದಿನ ದಿನವಷ್ಟೇ ಇನ್ನೊಂದು ಎಮ್ಮೆ ತಂದು ಕಟ್ಟಿದ್ದ ಭಾವ, ಕಟ್ಟೆಯ ಮೇಲಿಂದ ಸುಮ್ಮನೆ ಕೆಮ್ಮಿದರು.

ಮರುದಿನ ಸಂತೆಗೆ ಹೊರಟವರು ಬಾಗಿಲಲ್ಲಿ ನಿಂತು, “ಏನ ತರ್ಲಿ?” ಎಂದರು. ಅಕ್ಕ ರೊಟ್ಟಿ ಬಡಿಯುತ್ತಲೇ ಕೇಳಿದಳು: “ಹಿಂಗ ಕೇಳೂದು ಒಮ್ಮೆ ಮಾತ್ರನೋ, ಯಾವಾಗಲೂನೋ ಹೇಳ್ರಿ!”

ಈಗ ನನ್ನ ಫೋನ್ ಆ ಪ್ರಶ್ನೆ ಕೇಳಿದರೆ ಸಿಡುಕು ಬರುವುದಿಲ್ಲ; ಭಾವನ ಕೆಮ್ಮು ಕೇಳಿಸುತ್ತದೆ.