ಸುಳ್ಳು ಕೈ

ಆ ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಎಲ್ಲರ ಬಾಯಲ್ಲೂ ಅವಳು ಕಿವಿ ಮೇಡಂ. ಹದಿನೇಳು ವರ್ಷದಿಂದ ಅದೇ ಮೂರನೇ ಮಹಡಿ, ಅದೇ ಕೆಲಸ. ಬಂದವರಿಗೆ ಕಿವಿ ಎಷ್ಟು ಕೇಳಿಸುತ್ತದೆ ಅಂತ ಪರೀಕ್ಷೆ ಮಾಡಿ ಕಾಗದದ ಮೇಲೆ ಗೆರೆ ಎಳೆದು ಕೊಡಬೇಕು. ಕೋಣೆಯೊಳಗೆ ಇನ್ನೊಂದು ಪುಟ್ಟ ಕೋಣೆ. ಅದಕ್ಕೆ ದಪ್ಪ ಬಾಗಿಲು, ಗೋಡೆಗೆಲ್ಲ ಮೆತ್ತೆ, ನೆಲದ ಅಡಿಗೆ ರಬ್ಬರು. ಹೊರಗೆ ಲಾರಿ ಹೋದರೂ ಒಳಗೆ ಕೂತವರಿಗೆ ಗೊತ್ತಾಗಬಾರದು. ಚಪ್ಪಲಿ ಕಿರ್‍ರೆನ್ನುತ್ತದೆ ಅಂತ ಅದನ್ನೂ ಹೊರಗೇ ಬಿಟ್ಟು ಬರಿಗಾಲಲ್ಲಿ ಹೋಗಬೇಕು.

ಕೂತವರ ಕಿವಿಗೆ ಹೆಡ್‌ಫೋನ್ ಹಾಕಿ, ಗಾಜಿನ ಆಚೆಯಿಂದ ಇವಳು ಗುಂಡಿ ಒತ್ತುತ್ತಾಳೆ. ಸದ್ದು ಕೇಳಿಸಿದಾಗ ಅವರು ಕೈ ಎತ್ತಬೇಕು. ಇಷ್ಟೇ. ಆದರೆ ಮನುಷ್ಯರಲ್ಲವೇ? ಕಿವುಡ ಅನ್ನಿಸಿಕೊಳ್ಳುವ ನಾಚಿಕೆಗೆ ಕೆಲವರು ಇವಳು ಗುಂಡಿ ಮುಟ್ಟದಿದ್ದರೂ ಕೈ ಎತ್ತುತ್ತಾರೆ. ಅದಕ್ಕೆ ಅವಳಿಟ್ಟ ಹೆಸರು 'ಸುಳ್ಳು ಕೈ'. ಹಾಳೆಯ ಮೂಲೆಯಲ್ಲಿ ಬರೆಯುವಳು: ಸುಳ್ಳು ಕೈ, ಎರಡು. ಸುಳ್ಳು ಕೈ, ಐದು. ಒಬ್ಬ ನಿವೃತ್ತ ಮೇಷ್ಟ್ರಂತೂ ಇಪ್ಪತ್ತೆರಡು ಸಲ ಎತ್ತಿ, ಹೊರಗೆ ಬಂದು, "ಎಷ್ಟು ಮಾರ್ಕ್ಸು?" ಅಂತ ಕೇಳಿದ್ದರು.

ಮದುವೆ ಆಗಿರಲಿಲ್ಲ. ಅಣ್ಣ ಅತ್ತಿಗೆಯ ಜೊತೆ ಇದ್ದಳು. ಭಾನುವಾರ ತಪ್ಪದೆ ಚರ್ಚಿನ ಸಭೆಗೆ ಹೋಗುವಳು, ಹಿಂದಿನಿಂದ ಮೂರನೇ ಬೆಂಚು. ದೇವರ ಕರೆ ಬಂತು ಅಂತ ಸಾಕ್ಷಿ ಹೇಳುವವರನ್ನು ಕಂಡರೆ ಅವಳಿಗೆ ಸ್ವಲ್ಪ ಹೊಟ್ಟೆಕಿಚ್ಚು, ಸ್ವಲ್ಪ ನಗು. "ಊರಿನ ಕಿವಿಯೆಲ್ಲ ನೋಡ್ತೀನಿ ಅತ್ತಿಗೆ, ನನ್ನ ಕಿವಿಗೆ ಮಾತ್ರ ಒಂದು ಕರೆಯೂ ಬೀಳಲಿಲ್ಲ" ಅನ್ನುವಳು. ಅತ್ತಿಗೆ, "ಕುಕ್ಕರ್ ಮೂರು ಸಲ ಕೂಗಿತು, ಅದೂ ಬೀಳಲಿಲ್ಲ" ಅನ್ನುವಳು.

ಆದರೆ ಆ ಮನೆಯಲ್ಲಿ 'ಕರೆ' ಅನ್ನುವ ಮಾತು ಹಗುರದ್ದಲ್ಲ. ಅಪ್ಪ ಕೊನೆಯ ಎರಡು ವರ್ಷ ಇದ್ದಕ್ಕಿದ್ದಂತೆ ಎದ್ದು ನಿಲ್ಲುತ್ತಿದ್ದರು. "ಯಾರೋ ಕರೀತಿದಾರೆ. ತಡೀರಿ, ಬಂದೆ" ಅಂತ ಬಾಗಿಲಿಗೆ ಓಡುವರು. ಎರಡು ಸಲ ದಾರಿ ತಪ್ಪಿ ಸಿಕ್ಕಿದ ಮೇಲೆ ಅಣ್ಣ ಬಾಗಿಲಿನ ಮೇಲ್ಗಡೆ, ಅಪ್ಪನ ಕೈಗೆ ಎಟುಕದ ಹಾಗೆ, ಒಂದು ಚಿಲಕ ಹಾಕಿಸಿದ. ಆಮೇಲೆ ಅಪ್ಪ ಅದನ್ನೇ ನೋಡುತ್ತ ನಿಲ್ಲುತ್ತಿದ್ದರು. ಒಂದು ಮಧ್ಯಾಹ್ನ ಆ ಬಾಗಿಲ ಬುಡದಲ್ಲೇ ಕೂತು ಪ್ರಾಣ ಬಿಟ್ಟರು. ಅಣ್ಣ ಚಿಲಕ ತೆಗೆಸಲಿಲ್ಲ. ಅದರ ಮಾತೂ ಎತ್ತಲಿಲ್ಲ.

ಹೀಗಿರುವಾಗ ಒಂದು ದಿನ ಆ ಅಜ್ಜಿ ಬಂದರು. ಎಪ್ಪತ್ತೆಂಟು ವಯಸ್ಸು, ಕಡ್ಡಿಯಂಥ ಮೈ. ಮೂವತ್ತಾರು ವರ್ಷ ಸಮುದ್ರದಾಚೆಯ ಯಾವುದೋ ದೇಶದಲ್ಲಿ ಮಿಷನರಿಯಾಗಿ, ಹುಟ್ಟು ಕಿವುಡ ಮಕ್ಕಳ ಶಾಲೆಯಲ್ಲಿ ಇದ್ದವರು. ವಯಸ್ಸಾಯಿತು ಅಂತ ಊರಿಗೆ ಕಳಿಸಿದ್ದರು. ಈಗ ಅವರ ಕಿವಿಯೇ ಹೋಗಿತ್ತು. ಇವಳು ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸಿ, ಒಳಗೆ ಕೂರಿಸಿದಳು.

ಗೆರೆ ತಳ ಕಂಡಿತು. ಯಂತ್ರದಲ್ಲಿದ್ದ ಅತಿ ದೊಡ್ಡ ಸದ್ದಿಗೂ ಅಜ್ಜಿ ಕಲ್ಲಿನ ಹಾಗೆ ಕೂತಿದ್ದರು. ಮುಗಿಯಿತು ಅಂತ ಇವಳು ಗುಂಡಿಯಿಂದ ಕೈ ತೆಗೆದು ಪೆನ್ನು ಹಿಡಿದಳು. ಆಗ ಗಾಜಿನ ಆಚೆ ಅಜ್ಜಿಯ ಕೈ ಮೇಲೆ ಹೋಯಿತು. ಇಳಿಯಿತು. ತುಸು ಹೊತ್ತಿಗೆ ಮತ್ತೆ ಹೋಯಿತು. ಮತ್ತೊಂದು ಸಲ. ನಾಚಿಕೆಗೆ ಎತ್ತುವವರು ಇವಳ ಮುಖ ನೋಡುತ್ತಾ ಎತ್ತುತ್ತಾರೆ. ಈ ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದರು. ಮುಖದಲ್ಲಿ ಮನೆಯವರ ದನಿ ಕೇಳಿದವರ ಗುರುತು.

ಬಾಗಿಲು ತೆರೆದು ಚೀಟಿಯಲ್ಲಿ ಬರೆದಳು: ಏನು ಕೇಳಿಸಿತು ಅಜ್ಜಿ?

"ಕಿವಿಗಲ್ಲಮ್ಮ" ಅಂದರು ಅಜ್ಜಿ, ಕಿವುಡರ ಆ ಏರುದನಿಯಲ್ಲಿ. "ಅಂಗಾಲಿಗೆ ಬಂತು. ಕರೀತಿದಾರೆ." ಚಪ್ಪಲಿ ಮೆಟ್ಟಿಕೊಳ್ಳುತ್ತಾ ಇವಳ ಕಾಲನ್ನೇ ನೋಡಿದರು. "ನನ್ನನ್ನಲ್ಲ, ಈಗ."

ಇವಳು ಹಾಳೆಯ ಮೂಲೆಯಲ್ಲಿ ಬರೆದಳು: ಸುಳ್ಳು ಕೈ, ಮೂರು. ಹೊತ್ತು ಹನ್ನೊಂದೂಕಾಲು. ನಾಲ್ಕು ತಿಂಗಳಿಗೆ ಅಜ್ಜಿ ತೀರಿಕೊಂಡ ಸುದ್ದಿ ಬಂತು.

ಹನ್ನೊಂದಕ್ಕೆ ಎಲ್ಲರೂ ಚಹಾಕ್ಕೆ ಇಳಿದಾಗ ಇವಳದು ಒಂದು ಹಳೆಯ ರೂಢಿ. ತಾನೇ ಒಳಗೆ ಹೋಗಿ, ಬಾಗಿಲೆಳೆದುಕೊಂಡು, ಹೊರಗಿನ ಸದ್ದು ಎಲ್ಲಾದರೂ ನುಸುಳುತ್ತಿದೆಯಾ ಅಂತ ಸುಮ್ಮನೆ ಕೂತು ನೋಡುವುದು. ಅಲ್ಲಿ ತನ್ನ ಎದೆಬಡಿತ, ತಾನು ಉಗುಳು ನುಂಗಿದ ಸದ್ದು ಬಿಟ್ಟು ಬೇರೇನೂ ಇರುವುದಿಲ್ಲ. ಅಜ್ಜಿ ತೀರಿಕೊಂಡ ಮಾರನೆಯ ವಾರ ಹಾಗೆ ಕೂತಿದ್ದಾಗ ಅಂಗಾಲಿಗೆ ಏನೋ ತಾಗಿತು.

ಧಪ್ ಧಪ್. ಒಂದು ಉಸಿರಿನಷ್ಟು ಬಿಡುವು. ಧಪ್.

ನೀರಿನ ಪಂಪು ಅಂದುಕೊಂಡಳು. ಎದ್ದು ಹೋಗಿ ವಿಚಾರಿಸಿದರೆ ಪಂಪು ಕೆಟ್ಟು ಎರಡು ದಿನ ಆಗಿತ್ತು. ಮಾರನೇ ದಿನ ಮತ್ತೆ ಬಂತು. ಎರಡು ಬೇಗ ಬೇಗ, ಒಂದು ತಡವಾಗಿ. ಕುರ್ಚಿಯ ಮೇಲೆ ಕಾಲು ಮಡಿಸಿ ಕೂತರೆ ಇಲ್ಲ. ನೆಲಕ್ಕೆ ಕಾಲು ಇಟ್ಟರೆ ಇದೆ. ಹೊರಗಿನ ನೆಲದಲ್ಲಿ ಇಲ್ಲ, ಒಳಗೆ ಮಾತ್ರ. ಯಾವ ಸದ್ದೂ ಹೋಗದಿರಲಿ ಅಂತ ಕಟ್ಟಿದ ಕೋಣೆಯೊಳಕ್ಕೆ, ದಿನಾ ಹನ್ನೊಂದೂಕಾಲಿಗೆ, ಯಾರೋ ಅಡಿಯಿಂದ ಬಡಿಯುತ್ತಿದ್ದಾರೆ. ಕೆಳಗಿನ ಮಹಡಿಗೆ ಹೋಗಿ ನೋಡಿದಳು. ಸರಿಯಾಗಿ ಅದರ ಅಡಿಗೆ ಬರುವುದು ಹಾಸಿಗೆ ಬಟ್ಟೆ ಇಡುವ ಉಗ್ರಾಣ. ಬೀಗ ಹಾಕಿತ್ತು. ತೆಗೆಸಿದರೆ ಒಳಗೆ ಮಡಿಸಿಟ್ಟ ದುಪ್ಪಟಿಗಳು, ಮತ್ತೇನೂ ಇಲ್ಲ.

ಅವಳಿಗೆ ಭಯವಾಯಿತು. ದೆವ್ವದ ಭಯವಲ್ಲ ಮಾರಾಯ್ರೇ, ಅದಾಗಿದ್ದರೆ ಪ್ರಾರ್ಥನೆ ಮಾಡಿ ಮಲಗುತ್ತಿದ್ದಳು. ಅಪ್ಪನ ಭಯ. ಅಪ್ಪನಿಗೂ ಶುರುವಾದದ್ದು ಹೀಗೇ ತಾನೆ? ಯಾರಿಗೂ ಕೇಳಿಸದ್ದು ತನಗೊಬ್ಬಳಿಗೆ ಕೇಳಿಸಿದರೆ ಅದು ದೇವರ ಕರೆಯೋ, ಮನೆತನದ ಕಾಯಿಲೆಯೋ? ನಲವತ್ತೊಂದಕ್ಕೇ ಬಾಗಿಲ ಬುಡದಲ್ಲಿ ಕೂರುವ ಕಾಲ ಬಂತೇ? ಒಂದು ವಾರ ಊಟ ಸೇರಲಿಲ್ಲ.

ಕೊನೆಗೆ ಕಿವಿ ಡಾಕ್ಟರ ಹತ್ತಿರ ಹೋಗಿ, "ಸರ್, ನನಗೊಂದು ಪರೀಕ್ಷೆ ಮಾಡ್ತೀರಾ?" ಅಂದಳು. ಚಹಾ ಬಿಟ್ಟು ಅವರು ಬಂದರು. ಹದಿನೇಳು ವರ್ಷದಲ್ಲಿ ಮೊದಲ ಸಲ ಅವಳು ಹೆಡ್‌ಫೋನ್ ಹಾಕಿಕೊಂಡು ಗಾಜಿನ ಆಚೆ ಕೂತಳು. ಸದ್ದು ಬಂದಾಗ ಕೈ ಎತ್ತಿದಳು. ಮುಗಿಸಿ ಬಂದರೆ ಡಾಕ್ಟರು ಹಾಳೆ ನೋಡುತ್ತಾ ನಗುತ್ತಿದ್ದರು.

"ಕಿವಿ ಚಿನ್ನದಂಥದ್ದು ಮೇಡಂ. ಆದರೆ ನಿಮ್ಮಂಥವರೇ ಹೀಗೆ ಮಾಡಿದರೆ ಹೇಗೆ? ಕೊನೇಲಿ ನಾನು ಏನೂ ಒತ್ತಿಲ್ಲ, ನೀವು ಮೂರು ಸಲ ಕೈ ಎತ್ತಿದ್ರಿ."

ಹಾಳೆಯ ಮೂಲೆಯಲ್ಲಿ ಅವಳದೇ ಮಾತನ್ನು ತಮಾಷೆಗೆ ಬರೆದಿದ್ದರು. ಸುಳ್ಳು ಕೈ, ಮೂರು. ಪಕ್ಕದಲ್ಲಿ ಹೊತ್ತು, ಹನ್ನೊಂದೂಕಾಲು. ಅವಳು ಆ ಹಾಳೆಯನ್ನೂ ಅಜ್ಜಿಯ ಹಾಳೆಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡುತ್ತಾ ಕೂತಳು. ತಾನು ಕೈ ಎತ್ತಿದ್ದು ಅವಳಿಗೆ ನೆನಪೇ ಇರಲಿಲ್ಲ.

ಮನೆಗೆ ಹೋಗಿ ಅಣ್ಣನ ಮುಂದೆ ಎಲ್ಲ ಹೇಳಿದಳು. ಅಣ್ಣ ತುತ್ತು ಕೈಯಲ್ಲೇ ಹಿಡಿದು ಕೇಳಿದ. ಆಮೇಲೆ ಕೈ ತೊಳೆದು ಬಂದು, "ಅಪ್ಪನೂ ಹೀಗೇ ಶುರು ಮಾಡಿದ್ದು" ಅಂದ. "ಇನ್ನೊಂದು ಸಲ ಅದನ್ನ ನೋಡೋ ಶಕ್ತಿ ನನಗಿಲ್ಲ ಕಣೇ. ನಾಳೆಯಿಂದ ಆ ಕೋಣೆಯೊಳಗೆ ಒಬ್ಬಳೇ ಹೋಗಿ ಕೂರಬೇಡ."

ಅವಳು ಆ ಮಾತು ಕೇಳಿದಳು. ಮೂರು ವಾರ ಚಹಾಕ್ಕೆ ಎಲ್ಲರ ಜೊತೆ ಕೆಳಗಿಳಿದಳು. ಅಂಗಾಲು ತೆಪ್ಪಗಿತ್ತು. ಎಲ್ಲ ಸರಿಹೋಯಿತು ಅಂದುಕೊಂಡಳು, ಆದರೆ ಯಾಕೋ ಮನೆಯಲ್ಲಿ ಯಾರನ್ನೋ ಕಳೆದುಕೊಂಡಷ್ಟು ಖಾಲಿ ಖಾಲಿ ಅನ್ನಿಸಿತು. ಒಂದು ದಿನ ಪಾತ್ರೆ ಒರೆಸುತ್ತಾ ಅತ್ತುಬಿಟ್ಟಳು.

ನಾಲ್ಕನೇ ಭಾನುವಾರ. ಸಭೆಯಲ್ಲಿ ಪಾಸ್ಟರು ಪ್ರಕಟಣೆ ಓದುತ್ತಿದ್ದರು. ಚಾವಣಿ ಸೋರುವ ವಿಷಯ, ಹಾಡಿನ ತಂಡದವರು ಹೊತ್ತಿಗೆ ಸರಿಯಾಗಿ ಬರಬೇಕಾದ ವಿಷಯ. ಅವಳಿಗೆ ಚಪ್ಪಲಿ ಒತ್ತುತ್ತಿತ್ತು. ಬೆಂಚಿನಡಿ ಮೆಲ್ಲಗೆ ಬಿಚ್ಚಿ ಪಾದ ನೆಲಕ್ಕಿಟ್ಟಳು, ಅಷ್ಟೇ. ಧಪ್ ಧಪ್. ಧಪ್. ಈ ಸಲ ಎಂಥಾ ಜೋರು ಅಂದರೆ ಮೊಣಕಾಲಿನ ತನಕ ನಡುಗಿತು.

ಸುತ್ತ ಎಲ್ಲರೂ ತಿರುಗಿ ನೋಡುತ್ತಿದ್ದರು. ಪಾಸ್ಟರು ಮಾತು ನಿಲ್ಲಿಸಿದ್ದರು. ಆಗ ಅವಳಿಗೆ ಗೊತ್ತಾಯಿತು, ತನ್ನ ಬಲಗೈ ತಲೆಯ ಮೇಲಕ್ಕೆ ನೆಟ್ಟಗೆ ನಿಂತಿದೆ.

"ಏನಮ್ಮ?" ಅಂದರು ಪಾಸ್ಟರು.

ಕೈ ಇಳಿಸೋಣ ಅಂದರೆ ಅದು ಇಳಿಯಲೊಲ್ಲದು. ಮುಂದಿನ ಬೆಂಚಿನ ಹೆಂಗಸರು ಕಿಸಕ್ಕೆಂದರು. ಪಾಸ್ಟರು ನಗಲಿಲ್ಲ. ಅವರ ಮುಖ ಬಿಳುಪೇರಿತ್ತು. ಜೇಬಿನಿಂದ ಒಂದು ಕಾಗದ ತೆಗೆದರು. "ನಾನಿನ್ನೂ ಕೇಳೇ ಇಲ್ಲವಲ್ಲಮ್ಮ" ಅಂದರು. "ಇದನ್ನ ಈಗ ಓದಬೇಕು ಅಂತಿದ್ದೆ. ನಿನ್ನೆ ಬಂತು, ಯಾರಿಗೂ ತೋರಿಸಿಲ್ಲ."

ಅದು ಅಜ್ಜಿಯಿದ್ದ ಶಾಲೆಯ ಕಾಗದ; ಅಜ್ಜಿಯನ್ನು ಹಿಂದೆ ಅಲ್ಲಿಗೆ ಕಳಿಸಿದ್ದೂ ಇದೇ ಸಭೆ. ಅವರು ಹೋದ ಮೇಲೆ ಮಕ್ಕಳ ಕಿವಿ ನೋಡುವವರಿಲ್ಲ, ಯಂತ್ರಕ್ಕೆ ಬಟ್ಟೆ ಹೊದಿಸಿಟ್ಟಿದ್ದೇವೆ, ನಿಮ್ಮ ಸಭೆಯಿಂದ ಯಾರಾದರೂ ಈ ಸೇವೆಗೆ ಬರುತ್ತಾರೆಯೇ ಅಂತ. ಇನ್ನೂ ಎತ್ತಿಯೇ ಇದ್ದ ಆ ಒಂದು ಕೈ ಕಡೆಗೇ ಎಲ್ಲರ ಕಣ್ಣು.

ಇಷ್ಟಾದ ಮೇಲೆ ಅನುಮಾನ ಹೋಗಿರಬೇಕು ಅಂತೀರಾ? ಎಲ್ಲಿ ಬಂತು! ಕಾಗದಪತ್ರ ಮಾಡಿಸುವಾಗಲೂ, ಕೆಲಸ ಬಿಡುವಾಗಲೂ, ಪೆಟ್ಟಿಗೆ ಕಟ್ಟುವಾಗಲೂ ಅದೇ ಯೋಚನೆ. ಹೊರಡುವ ದಿನ ಅಣ್ಣ ಬಾಗಿಲಲ್ಲೇ ನಿಂತಿದ್ದ.

"ಅಷ್ಟು ದೂರ ಹೋಗಿ, ಅಲ್ಲಿ ಏನೂ ಇಲ್ಲ ಅಂತಾದ್ರೆ?"

"ಆಗ ವಾಪಸ್ ಬರ್ತೀನಿ ಅಣ್ಣ" ಅಂದಳು. "ನೀನು ಆ ಚಿಲಕ ಹಾಕಿಬಿಡು. ನಾನು ತಕರಾರು ಮಾಡಲ್ಲ."

ಅಣ್ಣ ಮುಖ ತಿರುಗಿಸಿಕೊಂಡ. ಪೆಟ್ಟಿಗೆ ಎತ್ತಿ ಗಾಡಿಗಿಟ್ಟವನೂ ಅವನೇ.

ಶಾಲೆ ಒಂದೇ ಉದ್ದ ಕಟ್ಟಡ, ತುದಿಯಿಂದ ತುದಿಗೆ ಮರದ ಹಲಗೆಯ ನೆಲ. ಅವಳು ತಲುಪಿದಾಗ ಮಕ್ಕಳೆಲ್ಲ ತರಗತಿಯಲ್ಲಿದ್ದರು. ನೂರು ಮಕ್ಕಳಿರುವ ಮನೆಯಲ್ಲಿ ಅಷ್ಟು ಮೌನವನ್ನು ಅವಳು ಊಹಿಸಿಯೇ ಇರಲಿಲ್ಲ. ಹಿರಿಯ ಮೇಷ್ಟ್ರು ಕೊನೆಯ ಕೋಣೆ ತೋರಿಸಿದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದಳು. ಯಂತ್ರದ ಮೇಲಿನ ಬಟ್ಟೆ ತೆಗೆದಳು. ಧೂಳು ಒರೆಸುತ್ತಾ ನಿಂತಿದ್ದಾಗ ಅಂಗಾಲಿಗೆ ಬಂತು.

ಧಪ್ ಧಪ್. ಒಂದು ಉಸಿರಿನಷ್ಟು ಬಿಡುವು. ಧಪ್.

ಬಾಗಿಲಿಗೆ ಬಂದು ನೋಡಿದಳು. ಪಡಸಾಲೆಯ ಆ ತುದಿಯಲ್ಲಿ, ಸೌಟು ಹಿಡಿದ ಒಬ್ಬ ನಡುವಯಸ್ಸಿನ ಹೆಂಗಸು, ಅಡುಗೆಯವಳು, ನೆಲಕ್ಕೆ ಕಾಲು ಬಡಿಯುತ್ತಿದ್ದಳು. ಎರಡು ಬೇಗ, ಒಂದು ತಡವಾಗಿ.

"ಹೆದರಬೇಡಿ" ಅಂದರು ಮೇಷ್ಟ್ರು. "ಊಟಕ್ಕೆ ಕರೀತಿದಾಳೆ. ಇಲ್ಲಿ ಕೂಗಿದರೆ ಯಾರಿಗೆ ಕೇಳಿಸುತ್ತೆ? ಕಾಲಿನಿಂದಲೇ ಕರೆಯೋದು. ಒಬ್ಬೊಬ್ಬರಿಗೆ ಒಂದೊಂದು ಬಡಿತ. ಈ ಎರಡು-ಒಂದು ಕಿವಿ ಟೀಚರಿಂದು." ಆಮೇಲೆ ಸ್ವಲ್ಪ ಸಂಕೋಚದಿಂದ ಹೇಳಿದರು, "ಅವರು ಹೋದ ಮೇಲೂ ಇವಳು ಒಂದು ದಿನವೂ ತಪ್ಪಿಸಲಿಲ್ಲ. ದಿನಾ ಇದೇ ಹೊತ್ತಿಗೆ ಬಡೀತಾಳೆ. ಟೀಚರು ಹೋದರಲ್ಲ, ಯಾಕೆ ಸುಮ್ಮನೆ ಅಂತ ಬೈದೆ. ಕೈಸನ್ನೆ ಮಾಡಿ ಏನಂದಳು ಗೊತ್ತಾ? ನಾನು ಕರೀತಿರೋದು ಅವರನ್ನಲ್ಲ, ಬರಬೇಕಾದವರನ್ನ ಅಂದಳು."

ಅವಳು ತನ್ನ ಗಡಿಯಾರ ನೋಡಿದಳು. ಊರಿನ ಹೊತ್ತೇ ಇತ್ತು, ಬದಲಾಯಿಸಿರಲಿಲ್ಲ. ಹನ್ನೊಂದೂಕಾಲು.

ಅಡುಗೆಯವಳು ಹತ್ತಿರ ಬಂದು ಇವಳ ಮುಖ ನೋಡಿದಳು, ಬರಿಗಾಲು ನೋಡಿದಳು. ಆಮೇಲೆ ಸೌಟು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಯಿಂದ ಏನೋ ಸನ್ನೆ ಮಾಡಿದಳು. ಕೋಪವೂ ಇತ್ತು, ಅಳುವೂ ಇತ್ತು.

"ಯಾಕಿಷ್ಟು ತಡ ಅಂತ ಕೇಳ್ತಿದಾಳೆ" ಅಂದರು ಮೇಷ್ಟ್ರು.

ಆ ಸಂಜೆ ಅವಳು ಅಣ್ಣನಿಗೆ ನಡೆದದ್ದನ್ನೆಲ್ಲ ಒಂದೂ ಬಿಡದೆ ಬರೆದಳು. ನನಗೆ ಕಾಯಿಲೆಯಿಲ್ಲ ಅಣ್ಣ, ನಿಜವಾಗಿ ಕರೆಯುತ್ತಿದ್ದರು, ಇನ್ನು ಹೆದರಬೇಡ ಅಂತ. ಅಣ್ಣನಿಗೆ ನೆಮ್ಮದಿಯಾಗಲಿ ಅಂತಲೇ ಬರೆದದ್ದು, ಪಾಪ.

ತಿಂಗಳಾದ ಮೇಲೆ ಉತ್ತರ ಬಂತು. ಅತ್ತಿಗೆ ಮೇಲುಗಡೆ ನಾಲ್ಕು ಸಾಲು ಬರೆದಿದ್ದಳು. ಅಣ್ಣ ಬಾಗಿಲಿನ ಚಿಲಕ ಕಿತ್ತು ಹಾಕಿದ್ದಾನಂತೆ. ದಿನಾ ಮಧ್ಯಾಹ್ನ ಬಾಗಿಲು ಪೂರ್ತಿ ತೆರೆದು, ಬರಿಗಾಲಲ್ಲಿ ಹೊಸ್ತಿಲ ಬಳಿ ಕೂರುತ್ತಾನಂತೆ, ಕರೆದರೂ ಏಳುವುದಿಲ್ಲವಂತೆ. ಅಡಿಯಲ್ಲಿ ಅಣ್ಣನ ಕೈಬರಹದಲ್ಲಿ ಒಂದೇ ಸಾಲು ಇತ್ತು.

"ಹಾಗಾದ್ರೆ ಅಪ್ಪನನ್ನ ಕರೀತಿದ್ದದ್ದು ಯಾರೇ?"