ಕಂಬಳಿಯ ಒಂದು ಎಳೆ

ನಾನು ಗುಮಾಸ್ತಿಕೆ ಮಾಡುವ ಕೂಡ್ಲಿಗಿಯ ವಕೀಲರ ಮೇಜಿನ ಮೇಲೆ ಹನುಮಕ್ಕ ಕರಿ ಕಂಬಳಿ ಇಟ್ಟರು. ಕೊಲ್ಲಿ ದೇಶದ ಜೈಲಿನಲ್ಲಿರುವ ಅವರ ತಮ್ಮನನ್ನು, ಎರಡು ಸರ್ಕಾರಗಳ ಒಪ್ಪಂದದಂತೆ, ಉಳಿದ ಶಿಕ್ಷೆಗೆ ನಮ್ಮ ರಾಜ್ಯದ ಜೈಲಿಗೆ ತರಿಸಬಹುದು. ಆದರೆ ಅದಕ್ಕೆ ಅವನೇ ಒಪ್ಪಿ ಸಹಿ ಹಾಕಬೇಕು. ಊರಿನವರಿಗೆ ಮುಖ ತೋರಿಸಲು ನಾಚಿ ಅವನು ಒಲ್ಲೆನೆಂದಿದ್ದ.

“ಅಲ್ಲಿ ಮೊದ್ಲ ಸೆಕಿ. ಕಂಬಳಿ ಯಾಕವ್ವಾ?” ಎಂದರು ವಕೀಲರು.

“ಹೊದಿಯಾಕಲ್ರಿ. ನಮ್ ಕುರಿ ವಾಸನಿ ಬಂದ್ರ ಅವ ಒಲ್ಲೆ ಅನ್ನಾಂಗಿಲ್ಲ.”

ಕಂಬಳಿ ಕಳಿಸಲು ಆಗದೆಂದಾಗ ಹನುಮಕ್ಕ ಅದರ ಅಂಚಿನಿಂದ ಒಂದು ಎಳೆ ಕಿತ್ತು, ತಮ್ಮನಿಗೆಂದು ನಾನು ಬರೆದುಕೊಟ್ಟ ಕಾಗದಕ್ಕೆ ಸುತ್ತಿ ಕಟ್ಟಿದರು.

ಮೊನ್ನೆ ಅವನ ಸಹಿಯಿರುವ ಒಪ್ಪಿಗೆ ಪತ್ರ ಬಂತು. ಎಳೆಯನ್ನು ಮುಂಗೈಗೆ ಕಟ್ಟಿಕೊಂಡಿದ್ದಾನಂತೆ. ಕಂಬಳಿಯ ಬಿಚ್ಚಿದ ಅಂಚನ್ನು ಹನುಮಕ್ಕ ಇನ್ನೂ ಹೊಲಿದಿಲ್ಲ.