ಮೇಡಮ್ ಹಸಿದಿದ್ದಾಗ ಬಡಿದ ರೊಟ್ಟಿ

ಗೆಳತ್ಯಾರ, ಇವತ್ತಿನ ಖರ್ಚು ಕೇಳ್ರಿ: ಎರಡು ಸೇರು ಜೋಳದ ಹಿಟ್ಟು, ರೊಟ್ಟಿಗೆ ಹಚ್ಕೊಳ್ಳಾಕ ಒಂದು ಡಬ್ಬಿ ಶೇಂಗಾ ಹಿಂಡಿ, ಶಬಾನಾಳ ಒಂದು ಸುಟ್ಟ ಬೆರಳು.

ಜೇವರ್ಗಿಯ ನಮ್ಮ ಹಾಸ್ಟೆಲ್‌ನಲ್ಲಿ ರೊಟ್ಟಿ ಬಡಿಯುವ ಸ್ಪರ್ಧೆ. ಗೆದ್ದ ತಂಡಕ್ಕೆ ತಿಂಗಳಿಡೀ ಮುಂಜಾನೆ ಬಿಸಿನೀರಿನ ಮೊದಲ ಪಾಳಿ. ಈ ವರ್ಷ ಸೇರಿದ ನಮಗೆ ಇಲ್ಲಿತನಕ ಸಿಕ್ಕಿದ್ದು ತಣ್ಣೀರೇ.

ಸೀನಿಯರ್‌ಗಳು ಹಪ್ಪಳದಷ್ಟು ತೆಳ್ಳಗಿನ ರೊಟ್ಟಿ ಮಾಡಿ, ತಟ್ಟೆಗೆ ಉಳ್ಳಾಗಡ್ಡಿ ಹೂವು ಕೊರೆಯುತ್ತ ಕೂತರು. ನಮ್ಮ ತಂಡದ ಅಫಜಲಪುರದ ಶಬಾನಾ ಬಡಿದದ್ದನ್ನು ನಾನು ಹೆಂಚಿನಿಂದ ಇಳಿಸಿದ ಕೂಡಲೇ, ತೀರ್ಪು ಕೊಡಲು ಹಸಿದು ಕೂತಿದ್ದ ವಾರ್ಡನ್ ಮೇಡಮ್ ಮುಂದೆ ಇಟ್ಟೆ. ಮೂರು ತಿಂದರು.

"ಇದು ಮೋಸ ಬೇ!" ಎಂದಳು ಸೀನಿಯರ್ ಅಕ್ಕ.

"ಹಸಿದವರಿಗಿ ಉಣ್ಣಾಕ ಹಾಕೋದು ಮೋಸ ಹೆಂಗಾಗ್ತದ್ರಿ ಅಕ್ಕಾ?" ಎಂದೆ.

ಮೇಡಮ್ ತೇಗಿದರು. "ಇವರ ರೊಟ್ಟಿ ರುಚಿ ನಾಲಗಿಗಿ ಗೊತ್ತಾತು. ನಿಮ್ಮವು ಬರೂದ್ರಾಗ ಹೊಟ್ಟಿ ಬಾಗಲಾ ಹಾಕ್ಕೊಂಡಿತ್ತು."

ನಮಗೆ ಬಿಸಿನೀರು, ಶಬಾನಾಗೆ ಹೆಸರು, ಮೇಡಮ್‌ಗೆ ಊಟ. ಅಕ್ಕನವರಿಗೆ ಅವರವೇ ರೊಟ್ಟಿ, ತಣ್ಣಗಾಗಿದ್ದವು.